ಒಂದು ಅಳತೆ ದೊಡ್ಡ ಅಂಗಿ

ದುಬೈಯ ಸತ್ವಾ ಬಡಾವಣೆಯ ಆ ಹಳೆಯ ವಿಲ್ಲಾದಲ್ಲಿ ನಾಲ್ಕು ಸಂಸಾರಗಳಿದ್ದವು. ಕೋಣೆಗಳು ಬೇರೆ ಬೇರೆ, ಅಡುಗೆಮನೆ ಮಾತ್ರ ಒಂದೇ. ಯಾರ ಡಬ್ಬಿ ಯಾವ ಕಪಾಟಿನಲ್ಲಿ ಎಂಬುದರ ಮೇಲೆ ವಾರಕ್ಕೊಮ್ಮೆಯಾದರೂ ಮಾತು ಬರುತ್ತಿತ್ತು. ಹಿಂಬದಿಯ ದೊಡ್ಡ ಕೋಣೆಯಲ್ಲಿ ಓಂಕಾರ, ಅವನ ಹೆಂಡತಿ ಮಧುಮತಿ, ಹನ್ನೊಂದು ವರ್ಷದ ಮಗಳು ಪ್ರತೀಕ್ಷಾ ಇದ್ದರು. ನಡುವೆ ಪ್ಲೈವುಡ್ಡಿನ ಅಡ್ಡಗೋಡೆ ಹಾಕಿಸಿ ಆಚೆಯ ಭಾಗವನ್ನು ಓಂಕಾರನ ತಾಯಿ ನಿಂಗವ್ವನಿಗೆ ಬಿಟ್ಟುಕೊಟ್ಟಿದ್ದರು. ಆಕೆ ಬಾಗಲಕೋಟೆಯಿಂದ ಬಂದು ಎಂಟು ತಿಂಗಳಾಗಿತ್ತು. ಶಾಲೆ ಬಿಟ್ಟು ಬಂದ ಮೊಮ್ಮಗಳಿಗೆ ಮನೆಯಲ್ಲಿ ಒಬ್ಬರು ಇರಲಿ ಎಂದು ಕರೆಸಿದ್ದರು.

ಓಂಕಾರ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಅಲ್ಯುಮಿನಿಯಂ ಕಿಟಕಿಗಳ ಕಾರ್ಖಾನೆಯಲ್ಲಿ ಫೋರ್‌ಮನ್. ಬೆಳಿಗ್ಗೆ ಐದೂವರೆಗೆ ಕಂಪನಿ ಬಸ್ಸು ಹತ್ತಿದರೆ ಮನೆಗೆ ಬರುವುದು ಸಂಜೆ ಏಳಕ್ಕೆ. ಮಧುಮತಿ ಒಂದು ಸೆಕ್ಯುರಿಟಿ ಕಂಪನಿಯ ಕಡೆಯಿಂದ ಮಾಲ್ ಒಂದರಲ್ಲಿ ಕಾವಲಿಗಿದ್ದಳು. ಹೆಂಗಸರ ಬಟ್ಟೆ ಅಂಗಡಿಯಲ್ಲಿ, ಹಾಕಿ ನೋಡುವ ಕೋಣೆಯ ಬಾಗಿಲಲ್ಲಿ ಹತ್ತು ತಾಸು ನಿಂತು, ಎಷ್ಟು ಬಟ್ಟೆ ಒಳಗೆ ಹೋದವು, ಎಷ್ಟು ಹೊರಗೆ ಬಂದವು ಎಂದು ನೋಡುವ ಕೆಲಸ. ಮದುವೆಗೆ ಮುಂಚೆ ಆರು ವರ್ಷ ಅವಳು ಸಿಆರ್‌ಪಿಎಫ್‌ನ ಮಹಿಳಾ ಬಟಾಲಿಯನ್ನಿನಲ್ಲಿದ್ದಳು. ಗುರಿ ಹೊಡೆಯುವುದರಲ್ಲಿ ಅವಳನ್ನು ಮೀರಿಸಿದವರು ಆ ಬಟಾಲಿಯನ್ನಿನಲ್ಲಿ ಇಬ್ಬರೇ. ಮದುವೆಯ ಮಾತುಕತೆಯಲ್ಲಿ ನೌಕರಿ ಬಿಡಬೇಕೆಂದು ಆಗಿತ್ತು. ಬಿಟ್ಟಳು.

ಎರಡು ಸಾವಿರದ ನಾಲ್ಕರ ಫೆಬ್ರವರಿಯಲ್ಲಿ ಮಾಲಿನ ಗುತ್ತಿಗೆ ಬೇರೆಯವರ ಪಾಲಾಯಿತು. ಆಫೀಸಿನವರು ಮಧುಮತಿಯನ್ನು ಕರೆದು ಇನ್ನೊಂದು ಕೆಲಸದ ಮಾತು ತೆಗೆದರು. ಅಬುಧಾಬಿಯ ಖಾಲಿದಿಯಾದಲ್ಲಿ ಒಂದು ದೊಡ್ಡ ಮನೆತನ. ಆ ಮನೆಯ ಹೆಂಗಸರು, ಮಕ್ಕಳು ಹೊರಗೆ ಹೊರಟಾಗ ಜೊತೆಗಿರಲು ನಾಲ್ವರು ಹೆಂಗಸರು ಬೇಕು. ಪರವಾನಗಿ, ಕಾಗದಪತ್ರ ಎಲ್ಲ ಅವರೇ ನೋಡಿಕೊಳ್ಳುತ್ತಾರೆ. ಎರಡು ವಾರದ ತರಬೇತಿ; ಪಿಸ್ತೂಲನ್ನು ಬಟ್ಟೆಯೊಳಗೆ ಯಾರಿಗೂ ಕಾಣದಂತೆ ಇಟ್ಟುಕೊಂಡು ಓಡಾಡಬೇಕು, ಬೇಕಾದಾಗ ಕ್ಷಣದಲ್ಲಿ ತೆಗೆಯಬೇಕು. ಪಾಸಾದವರು ಅಲ್ಲೇ ಇರಬೇಕು. ತಿಂಗಳಿಗೆ ಮೂರು ದಿನ ಮನೆ. ಗಂಡನ ಒಪ್ಪಿಗೆಯ ಸಹಿ ಬೇಕು. ಗಂಡನನ್ನು ಬಿಟ್ಟು ಯಾರಿಗೂ ಹೇಳುವಂತಿಲ್ಲ.

ಸಂಜೆ ನಿಂಗವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಗ ಮಧುಮತಿ ಕಾಗದವನ್ನು ಗಂಡನ ಮುಂದಿಟ್ಟಳು. ಅವನು ಎರಡು ಸಲ ಓದಿದ.

"ತಿಂಗಳಿಗೆ ಮೂರು ದಿನ," ಅಂದ.

"ಹೂಂ."

"ಮಂದಿ ಮಕ್ಕಳನ್ನ ಕಾಯಾಕ ನಮ್ಮ ಮಗಳನ್ನ ಬಿಟ್ಟು ಹೋಗಾಕಿ."

"ಅತ್ತಿ ಅದಾರಲ್ಲ."

"ಅವ್ವಗ ಟ್ಯಾಕ್ಸಿಯವಂಗ ಮನಿ ಎಲ್ಲೈತಿ ಅಂತ ಹೇಳಾಕ ಬರಂಗಿಲ್ಲ. ಮಗಳನ್ನ ನೋಡ್ಕೋತಾಳ?"

"ಮಾಲಿನ ಕೆಲಸ ಹೋತು. ಬ್ಯಾರೆ ಏನೂ ಇಲ್ಲ ಅಂದಾರ."

"ಮನ್ಯಾಗ ಇರು. ನನ್ನ ಪಗಾರ ಸಾಕು."

"ಸಾಕಾಕೈತಿ," ಅಂದಳು ಮಧುಮತಿ. "ಆದ್ರ ನನಗ ಈ ಕೆಲಸ ಬೇಕು."

ಓಂಕಾರ ಅವಳ ಮುಖ ನೋಡಲಿಲ್ಲ. ಪೆನ್ನು ತೆಗೆದು ಸಹಿ ಮಾಡಿದ. "ಇನ್ನ ಇದರ ಸುದ್ದಿ ನನ್ನ ಮುಂದ ತಗೀಬ್ಯಾಡ," ಅಂದ.

ಆ ಮಾತನ್ನು ಅವನು ತನ್ನ ಕಡೆಯಿಂದಲೂ ನಡೆಸಿದ. ಆ ಸುದ್ದಿಯಷ್ಟೇ ಅಲ್ಲ, ಉಳಿದ ಮಾತೂ ಕಡಿಮೆಯಾಯಿತು. ಚಹಾ ಬೇಕಾದರೆ "ಅವ್ವಾ, ಚಹಾ ಐತೇನು?" ಎಂದು ಅಡ್ಡಗೋಡೆಯ ಆಚೆಗೆ ಕೇಳುತ್ತಿದ್ದ. ನಿಂಗವ್ವ ಸೊಸೆಯ ಕಡೆ ತಿರುಗಿ "ಚಹಾ ಕೇಳಾಕತ್ತಾನ" ಎನ್ನುತ್ತಿದ್ದಳು. ಮಧುಮತಿ ಚಹಾ ತಂದಿಡುತ್ತಿದ್ದಳು. ಅವನು ಕುಡಿಯುತ್ತಿದ್ದ.

ಕಂಪನಿಯವರು ಒಂದು ಹಾಳೆಯನ್ನೂ ಸೊಂಟಕ್ಕೆ ಸಿಗಿಸುವ ಚರ್ಮದ ಒರೆಯನ್ನೂ ಕೊಟ್ಟಿದ್ದರು. ತರಬೇತಿಗೆ ಬರುವ ಮುಂಚೆ ಏನೇನು ಸಿದ್ಧ ಮಾಡಿಕೊಳ್ಳಬೇಕೆಂದು ಹಾಳೆಯಲ್ಲಿತ್ತು. ಬಾಗದಂಥ, ಎರಡು ಪದರದ ಬೆಲ್ಟು. ಬೆಲ್ಟಿನ ಕುಣಿಕೆಗಳು ಒತ್ತಾಗಿರುವ ಪ್ಯಾಂಟು. ಅಂಗಿ ತನ್ನ ಅಳತೆಗಿಂತ ಒಂದು ಅಳತೆ ದೊಡ್ಡದಿರಬೇಕು, ಮೈಗೆ ಅಂಟಬಾರದು, ಒಂದೇ ಬಣ್ಣದ್ದಾದರೆ ಉಬ್ಬು ಎದ್ದು ಕಾಣುತ್ತದೆ, ಆದ್ದರಿಂದ ಸಣ್ಣ ಚೌಕಳಿ ಅಥವಾ ಹೂವಿನದು. ಕೊರಳು ಮುಚ್ಚಿರಬೇಕು, ಹಾರಿದ ತೋಟಾದ ಬಿಸಿ ಚಿಪ್ಪು ಒಳಗೆ ಬಿದ್ದರೆ ಸುಡುತ್ತದೆ. ಬಳೆ, ಉಂಗುರ, ಸೆಂಟು ಬೇಡ. ಕೊನೆಯಲ್ಲಿ, ದಿನಕ್ಕೆ ಎಂಟು ತಾಸಾದರೂ ಅಷ್ಟೇ ತೂಕದ ಏನನ್ನಾದರೂ ಒರೆಯಲ್ಲಿಟ್ಟುಕೊಂಡು ಮನೆಗೆಲಸ ಮಾಡಿ ಅಭ್ಯಾಸ ಮಾಡಿಕೊಳ್ಳಬೇಕು.

ಬೆಲ್ಟನ್ನು ಚಪ್ಪಲಿ ರಿಪೇರಿಯವನು ಹೊಲಿದುಕೊಟ್ಟ. ಅಂಗಿಗೆ ಅವಳು ಅಲಿಕುಂಞಿಯ ಅಂಗಡಿಗೆ ಹೋದಳು. ಅಲಿಕುಂಞಿ ಉಳ್ಳಾಲದ ಕಡೆಯವನು, ಅದೇ ವಿಲ್ಲಾದ ಮುಂದಿನ ಕೋಣೆಯಲ್ಲಿದ್ದ. ಎರಡು ಗಲ್ಲಿ ದಾಟಿದರೆ ಅವನ ಟೈಲರಿಂಗ್ ಅಂಗಡಿ. ಅವನ ಹೆಂಡತಿ ಬೀಫಾತಿಮ, ಮಧುಮತಿಗೆ ಈ ಊರಿನಲ್ಲಿ ಮನಸ್ಸು ಬಿಚ್ಚಿ ಮಾತಾಡಲು ಇದ್ದ ಒಬ್ಬಳೇ ಗೆಳತಿ.

"ಬಲಗಡೆ ಸೀಳು ಇಷ್ಟು ಮೇಲಿನವರೆಗೆ ಎಂತಕ್ಕೆ ತಂಗಿ?" ಅಲಿಕುಂಞಿ ಟೇಪು ಹಿಡಿದು ಕೇಳಿದ.

"ವಾಕಿಟಾಕಿ ಇಟ್ಕೋಬೇಕ್ರಿ ಅಣ್ಣಾರ. ಲಗೂನ ತಗ್ಯಾಕ ಬರಬೇಕು."

"ವಾಕಿಟಾಕಿಗೆ."

"ಹೂಂರಿ."

ಅವನು ಅವಳ ಸೊಂಟದ ಬೆಲ್ಟನ್ನೂ ಮುಖವನ್ನೂ ಒಮ್ಮೆ ನೋಡಿ ಮತ್ತೆ ಬಟ್ಟೆಯ ಕಡೆ ತಿರುಗಿದ. "ಬಟ್ಟೆ ಹಗುರ ಆಯ್ತು. ಗಾಳಿಗೆ ಹಾರ್ತದೆ, ಕೈ ಹಾಕುವಾಗ ಸಿಕ್ಕಿಕೊಳ್ತದೆ. ಅಂಚಿನ ಒಳಗೆ ಸೀಸದ ಗುಂಡು ಇಟ್ಟು ಹೊಲೀತೇನೆ. ಮೀನು ಹಿಡಿಯುವ ಬೀಸುಬಲೆಗೆ ಕಟ್ತಾರಲ್ಲ, ಅದು. ದೇರಾ ಮಾರ್ಕೆಟಲ್ಲಿ ಸಿಗ್ತದೆ. ಕೈಯಲ್ಲಿ ಹೀಗೆ ಹಿಂದೆ ತಳ್ಳಿದ್ರೆ ಅಂಚು ತಾನೇ ಹಿಂದೆ ಹೋಗಿ ಬೀಳ್ತದೆ." ಮತ್ತೇನೂ ಕೇಳಲಿಲ್ಲ.

ಮೂರು ಅಂಗಿಗಳು ಬಂದವು. ತೂಕಕ್ಕೆ ಏನಿಡುವುದು ಎಂಬುದೇ ಚಿಂತೆಯಾಯಿತು. ಟಾರ್ಚು ಹಗುರವಾಯಿತು. ಬೇಳೆಯ ಪೊಟ್ಟಣ ಜೋತುಬಿದ್ದಿತು. ಒಂದು ಬೆಳಿಗ್ಗೆ, ಎಲ್ಲರೂ ಏಳುವ ಮುಂಚೆ, ನಿಂಗವ್ವನ ಎಲೆ-ಅಡಿಕೆಯ ಚೀಲದ ಪಕ್ಕ ಇದ್ದ ಗಿಡ್ಡ ಕಬ್ಬಿಣದ ಕುಟ್ಟಾಣಿ ಅವಳ ಕಣ್ಣಿಗೆ ಬಿತ್ತು. ಹಲ್ಲಿಲ್ಲದ ನಿಂಗವ್ವ ಅಡಿಕೆಯನ್ನು ಅದರಲ್ಲೇ ಜಜ್ಜಿಕೊಳ್ಳುವುದು. ಅದು ಒರೆಯಲ್ಲಿ ಹೇಳಿ ಮಾಡಿಸಿದಂತೆ ಕುಳಿತಿತು. ಅತ್ತೆಗೆ ಅದು ಬೇಕಾಗುವುದು ಊಟವಾದ ಮೇಲೆ. ಅಷ್ಟರೊಳಗೆ ಇಟ್ಟರಾಯಿತು ಎಂದುಕೊಂಡಳು.

ಆದರೆ ಹಿಂದಿನ ದಿನ ಓಂಕಾರ ಬರ್‌ದುಬೈಯಿಂದ ಎಳೆಯ ವೀಳ್ಯದೆಲೆ ತಂದಿದ್ದ. ಆರೂವರೆಗೇ ನಿಂಗವ್ವನಿಗೆ ಬಾಯಿ ಚಡಪಡಿಸಿತು. ಚೀಲ ಕೊಡವಿದಳು, ಮಂಚದ ಕೆಳಗೆ ನೋಡಿದಳು, ಅಡುಗೆಮನೆಗೆ ಬಂದಳು. ಅಲ್ಲಿ ಬೀಫಾತಿಮ ಮೀನು ಹುರಿಯುತ್ತಿದ್ದಳು. ಮಧುಮತಿ ಮಗಳ ಟಿಫಿನ್ನಿಗೆ ಉಪ್ಪಿಟ್ಟು ತಿರುವುತ್ತಿದ್ದಳು.

"ನನ್ನ ಕುಟ್ಟಾಣಿ ಯಾರು ತಗೊಂಡ್ರಿ?"

"ಎಂತ ಅಜ್ಜಿ?"

"ಕುಟ್ಟಾಣಿ. ನಿನ್ನೆ ಇಲ್ಲೇ ಇತ್ತು. ನೀ ನಿನ್ನೆ ಶುಂಠಿ ಜಜ್ಜಾಕ ಕೇಳಿದ್ದಿ."

"ಕೇಳಿದ್ದೆ, ನೀವು ಕೊಡಲಿಲ್ಲ. ನಾನು ಅಮ್ಮಿಕಲ್ಲಲ್ಲಿ ಅರೆದೆ."

"ಕೊಡಲಿಲ್ಲ, ಅದಕ್ಕ ಕೇಳದ ತಗೊಂಡಿ."

ಬೀಫಾತಿಮ ಸಟ್ಟುಗ ಕೆಳಗಿಟ್ಟಳು. "ಅಜ್ಜಿ, ಹದಿನಾಲ್ಕು ವರ್ಷದಿಂದ ನಾನು ಈ ಅಡುಗೆಮನೆಯಲ್ಲಿದ್ದೇನೆ. ಒಬ್ಬರದ್ದು ಒಂದು ಚಮಚ ಮುಟ್ಟಿದವಳಲ್ಲ."

"ಕಳವು ಮಾಡಾಕಿ ಮಾಡೀನಿ ಅಂತಾಳೇನು?"

ಮಧುಮತಿ ಇಬ್ಬರ ನಡುವೆ ನಿಂತಿದ್ದಳು. ಕುಟ್ಟಾಣಿ ಅವಳ ಬಲ ಸೊಂಟಕ್ಕೆ ಒತ್ತಿಕೊಂಡಿತ್ತು. ಬಾಯಿ ತೆರೆದಳು; ಆಫೀಸಿನವರು ಹೇಳಿದ್ದು ನೆನಪಾಗಿ ಮುಚ್ಚಿದಳು. ಬೀಫಾತಿಮ ಅವಳ ಕಡೆ ನೋಡಿದಳು. "ನೀವಾದರೂ ಹೇಳಿ ಮಾರಾಯ್ತಿ. ನಾನು ಅಂಥವಳಾ?"

"ನಾ ಒಳಗ ನೋಡ್ತೀನಿ," ಎಂದು ಮಧುಮತಿ ಕೋಣೆಗೆ ಹೋದಳು. ಬಾಗಿಲು ಮುಚ್ಚಿ ಒರೆಯಿಂದ ಕುಟ್ಟಾಣಿ ತೆಗೆದು ಹಿಡಿದುಕೊಂಡು ಬಂದಳು. "ಕಾಟಿನ ಕೆಳಗ ಇತ್ತ್ರಿ ಅತ್ತಿ."

"ಅಲ್ಲಿ ನಾ ಎರಡು ಸಲ ನೋಡೇನಿ."

"ಮೂಲಿಗೆ ಉಳ್ಳಿ ಹೋಗಿತ್ತು."

ಹತ್ತಿರವಿದ್ದ ಬೀಫಾತಿಮ ಅದನ್ನು ಮಧುಮತಿಯ ಕೈಯಿಂದ ತೆಗೆದುಕೊಂಡು ನಿಂಗವ್ವನಿಗೆ ಕೊಡಲು ಹೋದವಳು ಒಂದು ಕ್ಷಣ ತಡೆದಳು. ಕಬ್ಬಿಣ ಬೆಚ್ಚಗಿತ್ತು. ಎ.ಸಿ. ಕೋಣೆಯ ನೆಲದ ಮೇಲೆ ರಾತ್ರಿಯೆಲ್ಲ ಬಿದ್ದಿದ್ದ ಕಬ್ಬಿಣ ಹಾಗಿರುವುದಿಲ್ಲ. ಅವಳು ಮಧುಮತಿಯ ಮುಖ ನೋಡಿದಳು. ಕುಟ್ಟಾಣಿಯನ್ನು ನಿಂಗವ್ವನ ಕೈಗಿಟ್ಟು ಒಲೆ ಆರಿಸಿ, ಅರ್ಧ ಹುರಿದ ಮೀನಿನ ಬಾಣಲೆ ಎತ್ತಿಕೊಂಡು ಹೋದಳು.

ಅಂದಿನಿಂದ ಅವಳು ಮಧುಮತಿಯೊಡನೆ ಬೇಕಾದಷ್ಟೇ ಮಾತಾಡಿದಳು. "ಒಲೆ ಖಾಲಿ ಉಂಟು." "ನೀರು ಬಂದಿದೆ." ಅಷ್ಟೇ.

ಮಧುಮತಿ ಅಲಿಕುಂಞಿಯ ಅಂಗಡಿಯಲ್ಲಿ ಉಳಿದಿದ್ದ ಸೀಸದ ಗುಂಡುಗಳನ್ನು ಕೇಳಿ ತಂದು ಕಾಲುಚೀಲದಲ್ಲಿ ತುಂಬಿ ಗಟ್ಟಿಯಾಗಿ ಹೊಲಿದಳು. ಅದನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಸೊಂಟಕ್ಕೆ ಇಟ್ಟುಕೊಂಡಳು. ಬಗ್ಗಿ ನೆಲ ಒರೆಸಿದಳು, ಹಿಟ್ಟು ನಾದಿದಳು, ಬಸ್ಸಿನಲ್ಲಿ ಕುಳಿತು ಪೇಟೆಗೆ ಹೋಗಿ ಬಂದಳು. ಬಗ್ಗುವಾಗ ಅಂಗಿ ಹಿಂದಿನಿಂದ ಎತ್ತಿಕೊಳ್ಳದಂತೆ ಮೊಣಕಾಲು ಮಡಿಸಿ ಕೂರುವುದನ್ನು ಕಲಿತಳು. ಊಟಕ್ಕೆ, ಒರೆ ಅವನ ಕಡೆಗೇ ಇರುವಂತೆ, ಗಂಡನ ಎಡಕ್ಕೆ ಕುಳಿತು ಬಡಿಸಿದಳು. ಅಡ್ಡಗೋಡೆಯ ಸಂದಿನಲ್ಲಿ ಅವನು ಅವಳಿಗೆ ಮೈ ತಾಗಿಸಿಕೊಂಡೇ ದಾಟಿ ಹೋದ. ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಮೊದಲ ದಿನ ಗೆದ್ದೆ ಅನಿಸಿತು. ಹನ್ನೆರಡನೆಯ ದಿನ ಹಾಗೆ ಅನಿಸಲಿಲ್ಲ.

ತರಬೇತಿಗೆ ವಾರವಿದ್ದಾಗ ಬಳೆ ತೆಗೆದಳು. ನಿಂಗವ್ವನ ಕಣ್ಣಿಗೆ ಅದು ಮಾತ್ರ ಕೂಡಲೇ ಬಿತ್ತು.

"ಬರಿಗೈಲೆ ಬಡಸಾಕತ್ತಿ. ಬಳಿ ಎಲ್ಲಿ?"

"ಹೊಸ ಕೆಲಸಕ್ಕ ಬ್ಯಾಡ ಅಂದಾರ್ರಿ. ಸಪ್ಪಳ ಮಾಡತಾವ."

"ಸಪ್ಪಳ ಮಾಡ್ಲಿ ಅಂತನ ಹಾಕ್ಕೊಳ್ಳೋದು. ಮನ್ಯಾಗ ಹೆಂಗಸು ಎಲ್ಲಿ ಅದಾಳ ಅಂತ ಗೊತ್ತಾಗಬೇಕಲ್ಲ." ನಿಂಗವ್ವ ಮಗನ ಕಡೆ ತಿರುಗಿದಳು. "ನೀ ನೋಡಿಕೋತ ಕುಂತೀಯಲ್ಲೋ. ಹೇಳು."

"ನನ್ನ ಕೇಳಿ ತಗದಾಳೇನು?" ಎಂದು ಓಂಕಾರ ಕೈತೊಳೆಯಲು ಎದ್ದ.

ಪ್ರತೀಕ್ಷಾ ತಾಟಿನಲ್ಲಿದ್ದ ಅನ್ನವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಳ್ಳುತ್ತಿದ್ದಳು. "ಐ ಆಮ್ ಫುಲ್," ಎಂದು ಎದ್ದುಹೋದಳು.

ಎರಡು ದಿನದ ಮೇಲೆ ಶಾಲೆಯಿಂದ ಫೋನು ಬಂತು. ಹುಡುಗಿ ಮೂರು ವಾರದಿಂದ ಟಿಫಿನ್ ತಿನ್ನುತ್ತಿಲ್ಲ, ಇಂದು ಲೈಬ್ರರಿಯ ಹಿಂದೆ ಕುಳಿತು ಅಳುತ್ತಿದ್ದಳು, ಏನೆಂದು ಕೇಳಿದರೆ ಹೇಳುವುದಿಲ್ಲ, ಒಮ್ಮೆ ಬನ್ನಿ ಎಂದು ಕ್ಲಾಸ್ ಟೀಚರ್ ಹೇಳಿದರು. ಮಧುಮತಿ ಇದ್ದ ಅಂಗಿಯಲ್ಲೇ ಓಡಿದಳು. ಶಾಲೆಯ ಅಂಗಳದಲ್ಲಿ ಬೇವಿನ ಮರದ ಸುತ್ತ ಕಟ್ಟೆಯಿತ್ತು. ಟೀಚರ್ ಇಬ್ಬರನ್ನೂ ಅಲ್ಲಿ ಬಿಟ್ಟು ಒಳಗೆ ಹೋದರು.

"ಏನಾತು ಪುಟ್ಟಿ? ಯಾರರ ಬೈದ್ರೇನು?"

ಹುಡುಗಿ ತಲೆಯಲ್ಲಾಡಿಸಿದಳು.

"ಮತ್ತ?"

"ಆರ್ ಯು ಗೋಯಿಂಗ್ ಟು ಡೈ?"

ಮಧುಮತಿಗೆ ತಟ್ಟನೆ ಅರ್ಥವಾಗಲಿಲ್ಲ. "ಏನಂದಿ?"

ಪ್ರತೀಕ್ಷಾ ನೆಲ ನೋಡುತ್ತ ಹೇಳಿದಳು, ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕನ್ನಡದಲ್ಲಿ. ಹೋದ ವರ್ಷ ತನ್ನ ಬೆಂಚಿನಲ್ಲೇ ಕೂರುತ್ತಿದ್ದ ಹುಡುಗಿಯ ತಾಯಿಗೆ ಆಪರೇಷನ್ ಆಗಿತ್ತು. ಹೊಟ್ಟೆಯ ಪಕ್ಕ ಒಂದು ಚೀಲ ಕಟ್ಟಿದ್ದರು. ಕಾಣಬಾರದೆಂದು ಆಕೆ ದೊಡ್ಡ ದೊಡ್ಡ ಅಂಗಿ ಹಾಕುತ್ತಿದ್ದಳು. ಆಸ್ಪತ್ರೆಯಲ್ಲಿ ಬಳೆ ತೆಗೆಸಿದ್ದರು. ಮನೆಯಲ್ಲಿ ಯಾರೂ ಆ ಹುಡುಗಿಗೆ ಏನೂ ಹೇಳಿರಲಿಲ್ಲ. ಆಮೇಲೆ ಆಕೆ ಊರಿಗೆ ಹೋದಳು, ತಿರುಗಿ ಬರಲಿಲ್ಲ.

"ನೀನೂ ದೊಡ್ಡ ಅಂಗಿ ಹಾಕ್ತಿ. ಪಕ್ಕದಾಗ ಗಟ್ಟಿ ಏನೋ ಐತಿ, ನಂಗ್ ಬಡೀತು, ಸೋಫಾದಾಗ. ಪಪ್ಪಾ ನಿನ್ನ ಜೋಡಿ ಮಾತಾಡಂಗಿಲ್ಲ. ಬಳಿ ತಗದಿ."

"ಎಂದು ಬಡೀತು?"

"ಫಸ್ಟ್ ವೀಕ್."

ಮೂರು ವಾರದಿಂದ ಹುಡುಗಿಗೆ ಗೊತ್ತಿತ್ತು. ಮಧುಮತಿ ಅತ್ತಿತ್ತ ನೋಡಿ, ಅಂಗಿಯ ಅಂಚು ಸರಿಸಿ, ಒರೆಯಿಂದ ಕಾಲುಚೀಲದ ಗಂಟನ್ನು ತೆಗೆದು ಮಗಳ ತೊಡೆಯ ಮೇಲಿಟ್ಟಳು. ಪ್ರತೀಕ್ಷಾ ಅದನ್ನು ಒತ್ತಿ ನೋಡಿದಳು. ತಾಯಿ ಎಲ್ಲವನ್ನೂ ಹೇಳಿದಳು: ಅಬುಧಾಬಿ, ಆ ಮನೆ, ತರಬೇತಿ, ಯಾಕೆ ಹೇಳಿರಲಿಲ್ಲ ಎಂಬುದು.

"ಸೋ ಯು ಆರ್ ನಾಟ್ ಸಿಕ್."

"ಇಲ್ಲ."

"ಆದ್ರ ಹೋಗ್ತಿ."

"ಹೂಂ. ತಿಂಗಳಿಗೆ ಮೂರು ದಿನ ಬರ್ತೀನಿ."

ಹುಡುಗಿ ಬೆರಳು ಮಡಿಸಿ ಲೆಕ್ಕ ಹಾಕಿದಳು. "ಓಕೆ," ಅಂದಳು. ಮೂಗು ಒರೆಸಿಕೊಂಡು ಟಿಫಿನ್ ತೆರೆದು ತಣ್ಣಗಾದ ಚಪಾತಿಯನ್ನು ಪೂರ್ತಿ ತಿಂದಳು. ಅವಳು ತಿಂದು ಮುಗಿಸುವವರೆಗೆ ಮಧುಮತಿ ಪಕ್ಕದಲ್ಲೇ ಕುಳಿತಿದ್ದಳು.

ಅಂದು ಸಂಜೆ ಅಡುಗೆಮನೆಯಲ್ಲಿ ನಿಂಗವ್ವ ಹಿಟ್ಟು ಕಲಸುತ್ತಿದ್ದಳು, ಬೀಫಾತಿಮ ಪಾತ್ರೆ ತೊಳೆಯುತ್ತಿದ್ದಳು. ಆಫೀಸಿನ ಮಾತನ್ನು ಬದಿಗಿಟ್ಟು ಮಧುಮತಿ ಇಬ್ಬರಿಗೂ ಹೇಳಿದಳು. ಕುಟ್ಟಾಣಿಯ ವಿಷಯವನ್ನೂ ಹೇಳಿದಳು.

ನಿಂಗವ್ವನ ಕೈ ಹಿಟ್ಟಿನಲ್ಲೇ ನಿಂತಿತು. "ನಿನ್ನ ಸೊಂಟದಾಗಿತ್ತು. ನಾ ಈಕಿನ್ನ ಕಳ್ಳಿ ಅಂದೆ. ನೀ ನಿಂತು ಕೇಳಿದಿ."

"ತಪ್ಪಾತ್ರಿ."

"ಬಂದೂಕು ಹಿಡ್ಯಾಕ ಧೈರ್ಯ ಐತಿ. ಬಾಯಿ ತಗ್ಯಾಕ ಇಲ್ಲ."

ಬೀಫಾತಿಮ ನಲ್ಲಿ ನಿಲ್ಲಿಸಿದಳು. "ನನಗೆ ಅವತ್ತೇ ಗೊತ್ತಾಗಿತ್ತು. ಬಿಸಿ ಇತ್ತು ಅದು. ಹೇಳ್ತೀರಿ ಅಂತ ಕಾದೆ. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ."

"ಬೀಫಾತಿಮಕ್ಕ, ನನ್ನ ತಪ್ಪು."

"ಆಯ್ತು. ಖಲಾಸ್." ತೊಳೆದ ಪಾತ್ರೆಗಳನ್ನು ಒಂದರೊಳಗೊಂದು ಇಟ್ಟುಕೊಂಡು ಅವಳು ಹೊರಟಳು. ಬಾಗಿಲಲ್ಲಿ ನಿಂತು, "ಅಲ್ಲಿ ನಿಮಗೆ ಊಟ ಅವರೇ ಕೊಡ್ತಾರಾ?" ಎಂದು ಕೇಳಿದಳು.

"ಕೊಡ್ತಾರಂತ."

"ಸರಿ," ಎಂದು ಹೋದಳು. ಮೊದಲಿನಂತೆ ಕೂತು ಮಾತಾಡಲು ಅವಳು ಬರಲಿಲ್ಲ. ಮರುದಿನ ನಿಂಗವ್ವ ಎರಡು ಬಿಸಿ ರೊಟ್ಟಿ, ಎಣ್ಣೆಗಾಯಿ ತಾಟಿನಲ್ಲಿಟ್ಟು ಬೀಫಾತಿಮಳ ಕಪಾಟಿನಲ್ಲಿಟ್ಟು ಬಂದಳು. ಸಂಜೆ ತಾಟು ಖರ್ಜೂರ ತುಂಬಿ ತಿರುಗಿ ಬಂತು.

ಮಾರ್ಚಿನ ಮೂರನೆಯ ಶನಿವಾರ ಮಧುಮತಿ ತರಬೇತಿಗೆ ಹೊರಟಳು. ಅವಳ ವ್ಯಾನು ಬರುವ ಮುಂಚೆಯೇ ಓಂಕಾರನ ಬಸ್ಸು ಹೋಗಿತ್ತು. ಮೊದಲ ದಿನವೇ ತರಬೇತಿಯ ಹೆಂಗಸು ಹನ್ನೆರಡು ಮಂದಿಯನ್ನು ಸಾಲಾಗಿ ನಿಲ್ಲಿಸಿ, ಯಾರ ಬಟ್ಟೆಯೊಳಗೆ ಆಯುಧವಿದೆ, ಯಾರದರಲ್ಲಿ ಇಲ್ಲ ಹೇಳಿ ಎಂದಳು. ಉಳಿದವರದನ್ನೆಲ್ಲ ಒಬ್ಬರಲ್ಲ ಒಬ್ಬರು ಕಂಡುಹಿಡಿದರು. ಮಧುಮತಿಯದನ್ನು ಯಾರೂ ಹಿಡಿಯಲಿಲ್ಲ. "ಎಲ್ಲಿ ಹೊಲಿಸಿದೆ?" ಎಂದು ಕೇಳಿ ಆ ಹೆಂಗಸು ಅಂಚಿನ ಸೀಸವನ್ನು ಮುಟ್ಟಿ ನಕ್ಕಳು. ಅಗಲ ಕೊರಳಿನ ಅಂಗಿ ಹಾಕಿಕೊಂಡು ಬಂದಿದ್ದ ನೇಪಾಳದ ಹುಡುಗಿಯೊಬ್ಬಳಿಗೆ ಚಿಪ್ಪು ಬಿದ್ದು ಕೊರಳ ಕೆಳಗೆ ಬೊಬ್ಬೆ ಎದ್ದಿತು. ಹನ್ನೆರಡು ವರ್ಷದ ಮೇಲೆ ಕೈಗೆ ಪಿಸ್ತೂಲು ಬಂದಾಗ ಮಧುಮತಿಯ ಮೊದಲ ಐದು ಗುಂಡು ಅಡ್ಡಾದಿಡ್ಡಿ ಹೋದವು. ಆರನೆಯದರಿಂದ ಕೈ ನೆಟ್ಟಗಾಯಿತು. ಕೊನೆಯ ದಿನದ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ ಅವಳೇ ಇದ್ದಳು. ಮನೆಗೆ ಫೋನು ಮಾಡಿ ಹೇಳಿದಾಗ ಪ್ರತೀಕ್ಷಾ "ಕೂಲ್" ಅಂದಳು, ನಿಂಗವ್ವ "ಉಂಡಿಯೇನು?" ಎಂದು ಕೇಳಿದಳು; ಓಂಕಾರ ಸ್ನಾನಕ್ಕೆ ಹೋಗಿದ್ದ.

ಅವಳಿಲ್ಲದ ಮನೆ ನಿಧಾನವಾಗಿ ಬೇರೆ ಲಯಕ್ಕೆ ಬಿತ್ತು. ಪ್ರತೀಕ್ಷಾ ತನ್ನ ಟಿಫಿನ್ ತಾನೇ ಕಟ್ಟಿಕೊಳ್ಳಲು ಕಲಿತಳು, ಹೆಚ್ಚಾಗಿ ಬ್ರೆಡ್ಡು, ಜಾಮು. ನಿಂಗವ್ವ ಮೊಮ್ಮಗಳಿಂದ ಫೋನಿನ ಗುಂಡಿ ಒತ್ತುವುದನ್ನು ಕಲಿತಳು. ಮಧ್ಯಾಹ್ನಗಳು ಉದ್ದವಾದವು, ಎ.ಸಿ.ಯ ಸದ್ದು ಬಿಟ್ಟರೆ ವಿಲ್ಲಾದಲ್ಲಿ ಬೇರೆ ಸದ್ದಿರಲಿಲ್ಲ. ಆಕೆ ಅಡುಗೆಮನೆಯ ಸ್ಟೂಲಿನ ಮೇಲೆ ಹೋಗಿ ಕೂರುತ್ತಿದ್ದಳು, ಯಾರಾದರೂ ನೀರು ಕುಡಿಯಲಾದರೂ ಬರಲಿ ಎಂದು. ಓಂಕಾರ ಶುಕ್ರವಾರಗಳಲ್ಲಿ ಬಟ್ಟೆ ಒಗೆದು ತಾರಸಿಯಲ್ಲಿ ಹರವುತ್ತಿದ್ದ. ಚಹಾ ಬೇಕಾದಾಗ "ಅವ್ವಾ" ಎನ್ನುವುದನ್ನು ಬಿಟ್ಟು ತಾನೇ ಎದ್ದು ಮಾಡಿಕೊಳ್ಳತೊಡಗಿದ.

ಏಪ್ರಿಲ್‌ನ ಮೂರು ದಿನದ ರಜೆ ಸಿಗಲಿಲ್ಲ. ಆ ಮನೆಯವರಲ್ಲಿ ಮದುವೆಯಿತ್ತು. ಮೇ ತಿಂಗಳದ್ದೂ ಮುಂದಕ್ಕೆ ಹೋಯಿತು. ಮಧುಮತಿ ಫೋನಿನಲ್ಲಿ ಅತ್ತೆಗೆ ಅದನ್ನು ಹೇಳಿದ ಸಂಜೆ ಓಂಕಾರ ಉಣ್ಣುತ್ತ, "ನಾಳೆ ಹತ್ತು ರೊಟ್ಟಿ ಹೆಚ್ಚಿಗಿ ಬಡಿ ಅವ್ವಾ," ಅಂದ. "ತೆಳ್ಳಗ."

"ಯಾರಿಗೆ?"

"ಅಬುಧಾಬಿಗೆ ಹೊಂಟೀನಿ."

"ಅಬುಧಾಬಿಯವರಿಗೆ ರೊಟ್ಟಿ ಬೇಕಾಗ್ಯಾವೇನು?"

ಓಂಕಾರ ತಾಟಿನಲ್ಲಿದ್ದ ರೊಟ್ಟಿ ಮುರಿದ.

"ಆಕಿ ಹೆಸರು ಹೇಳಾಕ ನಿನ್ನ ಬಾಯಿಗೆ ಏನಾಗೇತಿ?" ಎಂದು ನಿಂಗವ್ವ ಕೇಳಿದಳು. ಕೇಳಿ, ಎದ್ದುಹೋಗಿ ಶೇಂಗಾ ಹುರಿಯಲು ಇಟ್ಟಳು. ರೊಟ್ಟಿಯ ಜೊತೆ ಚಟ್ನಿಪುಡಿಯೂ ಬೇಕಲ್ಲ.

ಶುಕ್ರವಾರ ಅವನು ಮಿನಿಬಸ್ಸಿನಲ್ಲಿ ಎರಡು ತಾಸು ಕುಳಿತು ಅಬುಧಾಬಿ ತಲುಪಿದ. ಪ್ರತೀಕ್ಷಾ ಬರೆದುಕೊಟ್ಟ ಚೀಟಿ ಹಿಡಿದು ಖಾಲಿದಿಯಾದಲ್ಲಿ ಆ ಮನೆ ಹುಡುಕಿದ. ಎತ್ತರದ ಬಿಳಿ ಗೋಡೆ, ಕಬ್ಬಿಣದ ಗೇಟು. ಗೇಟಿನವನು ಬುತ್ತಿಯ ಚೀಲವನ್ನು ತೆಗೆದು ನೋಡಿ, ರೊಟ್ಟಿ ಮೂಸಿ, ಹೆಸರು ಬರೆದುಕೊಂಡು ಒಳಗೆ ಕಳಿಸಿದ. "ಮೇಡಂ ಡ್ಯೂಟಿಯಲ್ಲಿದ್ದಾರೆ, ಸಿಗುವುದಿಲ್ಲ" ಎಂದ. ಓಂಕಾರ ಹೊರಟುಬಿಡಬಹುದಿತ್ತು. ರಸ್ತೆಯಾಚೆ ಮರದ ನೆರಳಿನಲ್ಲಿ ಕಲ್ಲಿನ ಬೆಂಚಿತ್ತು. ಬಿಸಿಲು ಇಳಿಯಲಿ ಎಂದು ತನಗೆ ತಾನೇ ಹೇಳಿಕೊಂಡು ಕುಳಿತ.

ನಾಲ್ಕೂವರೆಗೆ ಗೇಟಿನ ಪಕ್ಕದ ಸಣ್ಣ ಬಾಗಿಲು ತೆರೆಯಿತು. ಇಬ್ಬರು ಹುಡುಗಿಯರು ಬಂದರು. ದೊಡ್ಡವಳಿಗೆ ಪ್ರತೀಕ್ಷಾಳಷ್ಟೇ ವಯಸ್ಸು. ಅವರ ಹಿಂದೆ, ಒಂದೂವರೆ ಹೆಜ್ಜೆ ಅಂತರದಲ್ಲಿ, ನೀಲಿ ಚೌಕಳಿಯ ಅಂಗಿ ತೊಟ್ಟ ಹೆಂಗಸು. ಅವಳು ಯಾರೆಂದು ಓಂಕಾರನಿಗೆ ಒಂದು ಕ್ಷಣ ತಿಳಿಯಲಿಲ್ಲ. ಅವಳ ನಡಿಗೆ ಬದಲಾಗಿತ್ತು. ತಲೆ ಅಲ್ಲಾಡುತ್ತಿರಲಿಲ್ಲ, ಕಣ್ಣು ಮಾತ್ರ ಓಡಾಡುತ್ತಿತ್ತು: ನಿಂತ ಕಾರು, ದೀಪದ ಕಂಬ, ಅಂಗಡಿಯ ಬಾಗಿಲು, ಬೆಂಚಿನ ಮೇಲಿನ ಗಂಡಸು. ಅವನ ಮೇಲೆ ಬಂದ ಕಣ್ಣು ಹಾಗೆಯೇ ಮುಂದಕ್ಕೆ ಹೋಯಿತು.

ಅವರು ರಸ್ತೆ ದಾಟಿ ಅವನ ಕಡೆಗೇ ಬಂದರು. ಮೂಲೆಯ ಐಸ್‌ಕ್ರೀಮ್ ಅಂಗಡಿಗೆ ಅದೇ ದಾರಿ. ಅವನು ಏಳಲು ಹೋಗಿ ಏಳಲಿಲ್ಲ. ನಾಲ್ಕು ಮಾರು ದೂರವಿದ್ದಾಗ ಚಿಕ್ಕ ಹುಡುಗಿಯ ಶೂ ಲೇಸು ಬಿಚ್ಚಿ ಅವಳು ನಿಂತುಬಿಟ್ಟಳು. ಮಧುಮತಿ ಬಗ್ಗಲಿಲ್ಲ. ದೊಡ್ಡ ಹುಡುಗಿ ಕೂತು ತಂಗಿಯ ಲೇಸು ಕಟ್ಟತೊಡಗಿದಳು. ಆಗ ಮಧುಮತಿ ಎರಡು ಹೆಜ್ಜೆ ಪಕ್ಕಕ್ಕೆ ಬಂದು, ಆ ಮಕ್ಕಳಿಗೂ ಬೆಂಚಿನ ಮೇಲಿನ ಗಂಡಸಿಗೂ ನಡುವೆ ನಿಂತಳು. ಎಡಗೈ ಚಿಕ್ಕವಳ ಹೆಗಲ ಮೇಲೆ. ಬಲಗೈ ಖಾಲಿಯಾಗಿ, ಸೊಂಟದ ಬಳಿ ಸಡಿಲವಾಗಿ ಇಳಿಬಿದ್ದಿತ್ತು. ಲೇಸು ಕಟ್ಟಿ ಆಗುವವರೆಗೆ ಹಾಗೆಯೇ ನಿಂತಿದ್ದಳು. ಓಂಕಾರ ತನ್ನ ಎರಡೂ ಕೈಗಳನ್ನು ಮೊಣಕಾಲಿನ ಮೇಲೆ ಕಾಣುವಂತೆ ಇಟ್ಟುಕೊಂಡು ಕುಳಿತ. ಯಾಕೆ ಹಾಗೆ ಇಟ್ಟುಕೊಂಡೆ ಎಂದು ಅವನಿಗೆ ಆಮೇಲೂ ಹೇಳಲಾಗುತ್ತಿರಲಿಲ್ಲ.

ಅವರು ಮೂಲೆ ತಿರುಗಿದರು. ಅವನು ಎದ್ದು ಬಸ್ ನಿಲ್ದಾಣದ ಕಡೆ ನಡೆದ.

ದುಬೈಯ ಮಿನಿಬಸ್ಸು ಜನ ತುಂಬಲು ಕಾಯುತ್ತಿದ್ದಾಗ ಅವನ ಮೊಬೈಲು ಬಡಿದುಕೊಂಡಿತು.

"ಬುತ್ತಿ ಮುಟ್ಟಿತು," ಅಂದಳು ಮಧುಮತಿ.

"ಹೂಂ."

"ಹೇಳಿ ಬರಬೇಕಿತ್ತು."

"ಹೇಳಿದ್ರ ಬರಬ್ಯಾಡ್ರಿ ಅಂತಿದ್ದಿ."

"ಅಂತಿದ್ನಿ." ಅವಳು ದನಿ ತಗ್ಗಿಸಿದಳು. "ಡ್ಯೂಟಿ ಮ್ಯಾಲ ಗುರುತಿನವರನ್ನ ನೋಡಿದ್ರ ಗುರುತು ತೋರಿಸಂಗಿಲ್ಲ. ಹಂಗ ಐತಿ ಇಲ್ಲಿ."

"ಗೊತ್ತಾತು. ನಡುವ ಬಂದು ನಿಂತಿ."

"ಯಾರಿದ್ರೂ ನಿಂದರಬೇಕ್ರಿ."

"ನಿಂದರಬೇಕು," ಅಂದ ಓಂಕಾರ. ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. "ಚೊಲೋ ನಿಂತಿದ್ದಿ."

ಆ ಕಡೆಯಿಂದ ಎಲ್ಲೋ ಬಾಗಿಲು ಮುಚ್ಚಿದ ಸದ್ದಾಯಿತು. ಲೈನು ಹೋಯಿತೇನೋ ಎಂದು ಅವನು ಫೋನು ನೋಡಿಕೊಂಡ.

"ಗಡ್ಡ ಬಿಟ್ಟೀರಿ," ಅಂದಳು.

"ಎರಡು ದಿನದ್ದು."

"ಎರಡು ದಿನದ್ದಲ್ಲ ಅದು. ವಾರದ್ದು."

ಡ್ರೈವರ್ ಬಂದು ಕುಳಿತು ಬಾಗಿಲು ಎಳೆದುಕೊಂಡ. ಓಂಕಾರ ಗಲ್ಲದ ಮೇಲೆ ಕೈಯಾಡಿಸಿಕೊಂಡ. ಅವಳ ಕಣ್ಣು ಅವನ ಮೇಲಿದ್ದದ್ದು ಒಂದು ಉಸಿರಿನಷ್ಟು ಹೊತ್ತು.

"ವಾರದ್ದು," ಎಂದು ಒಪ್ಪಿಕೊಂಡ.